ಯೋಧನ ಕಾಗದ: ಬರೆದುದೆಷ್ಟು, ತಿಳಿದುದೆಷ್ಟು?

ಭೀಮಾ ನದಿಯ ದಂಡೆಯಲ್ಲಿರುವ ಸೊನ್ನ ಗ್ರಾಮದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಕಾಲ, 1965ರ ಸೆಪ್ಟೆಂಬರ್. ಯುದ್ಧ ನಡೆದಿದೆ, ಮನೆಯ ಯಜಮಾನನು ಸೇನೆಯಲ್ಲಿದ್ದಾನೆ. ಅಂಚೆಯವನು ತಂದುಕೊಟ್ಟ ಕಾಗದದಲ್ಲಿ ಇರುವುದಿಷ್ಟು: "ನಾನು ಕ್ಷೇಮ. ನಿಮ್ಮೆಲ್ಲರ ಕ್ಷೇಮ ತಿಳಿಸುವುದು. ಈ ಸಲ ಮಳೆ ಹೇಗಿದೆ? ತೊಗರಿ ಎಷ್ಟೆತ್ತರ ಬೆಳೆದಿದೆ?" ಹೊರಗಿನವರು ಓದಿದರೆ ಇದರಲ್ಲಿ ಏನೂ ಇಲ್ಲವೆನ್ನಿಸೀತು. ಆದರೆ ಅವನ ಹೆಂಡತಿ ಇದನ್ನು ಹತ್ತು ಸಲ ಓದಿಸಿ ಕೇಳುತ್ತಾಳೆ. ಪ್ರತಿ ಸಲವೂ ಅವಳಿಗೆ ಏನೋ ತಿಳಿಯುತ್ತದೆ. ಅಕ್ಷರಗಳು ಅವೇ ಆಗಿರುವಾಗ ಒಬ್ಬರಿಗೆ ಶೂನ್ಯವಾದುದು ಇನ್ನೊಬ್ಬರಿಗೆ ಪೂರ್ಣವಾಗುವುದು ಹೇಗೆ? ಇದು ಭಾವನೆಯ ಪ್ರಶ್ನೆಯೆಂದು ತೋರಬಹುದು. ಆದರೆ ವಿಜ್ಞಾನವೂ ಇದಕ್ಕೆ ಒಂದು ಭಾಗದ ಉತ್ತರವನ್ನು ಕೊಡಬಲ್ಲುದು.

ಸುದ್ದಿಯನ್ನು ಅಳೆಯುವ ಬಗೆಯನ್ನು 1948ರಲ್ಲಿ ವಿವರವಾಗಿ ತೋರಿಸಿಕೊಟ್ಟವನು ಅಮೆರಿಕದ ಬೆಲ್ ಪ್ರಯೋಗಾಲಯದ ಗಣಿತಜ್ಞ ಕ್ಲಾಡ್ ಶ್ಯಾನನ್. ಅವನ ವಿಚಾರ ಸರಳವಾದುದು. ನಮ್ಮ ಯೋಧನು ಎಂಟು ಠಾಣೆಗಳಲ್ಲಿ ಯಾವುದಾದರೂ ಒಂದರಲ್ಲಿ ಇರಬಹುದು, ಎಂಟಕ್ಕೂ ಸಮಾನ ಸಂಭವವಿದೆ ಎಂದಿಟ್ಟುಕೊಳ್ಳಿ. "ಹೌದು" ಅಥವಾ "ಅಲ್ಲ" ಎಂಬ ಉತ್ತರದ ಎಷ್ಟು ಪ್ರಶ್ನೆಗಳಿಂದ ಅವನ ಠಾಣೆಯನ್ನು ಗೊತ್ತುಮಾಡಬಹುದು? ಮೊದಲ ಪ್ರಶ್ನೆಯಿಂದ ಎಂಟು ನಾಲ್ಕಾಗುತ್ತದೆ, ಎರಡನೆಯದರಿಂದ ಎರಡು, ಮೂರನೆಯದರಿಂದ ಒಂದು. ಅಂದರೆ ಆ ಸುದ್ದಿಯ ಅಳತೆ ಮೂರು ಪ್ರಶ್ನೆಗಳು. ಇಂಥ ಒಂದೊಂದು ಪ್ರಶ್ನೆಯ ಉತ್ತರಕ್ಕೆ ಒಂದು "ಬಿಟ್" ಎಂದು ಹೆಸರು. ಸುದ್ದಿಯ ಪ್ರಮಾಣವು ಕಾಗದದ ಉದ್ದವನ್ನು ಅವಲಂಬಿಸಿಲ್ಲ. ಅದನ್ನು ಪಡೆಯುವವರ ಸಂದೇಹ ಎಷ್ಟು ಕಡಿಮೆಯಾಯಿತೆಂಬುದನ್ನು ಅವಲಂಬಿಸಿದೆ.

ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯು ಸೈನಿಕರಿಗೆ ಕೊಡುತ್ತಿದ್ದ ಅಚ್ಚು ಹಾಕಿದ ಕಾರ್ಡು ಇದಕ್ಕೆ ಒಳ್ಳೆಯ ನಿದರ್ಶನ. "ನಾನು ಕ್ಷೇಮವಾಗಿದ್ದೇನೆ", "ಆಸ್ಪತ್ರೆಗೆ ಸೇರಿದ್ದೇನೆ", "ನಿಮ್ಮ ಪತ್ರ ತಲುಪಿತು", "ಬಹಳ ದಿನದಿಂದ ನಿಮ್ಮ ಪತ್ರ ಬಂದಿಲ್ಲ" ಎಂಬಂಥ ವಾಕ್ಯಗಳು ಅದರಲ್ಲಿ ಮೊದಲೇ ಇರುತ್ತಿದ್ದುವು. ಬೇಡವಾದುದನ್ನು ಹೊಡೆದುಹಾಕಿ, ತಾರೀಖು ಹಾಕಿ, ರುಜು ಮಾಡಬೇಕು. ಬೇರೇನಾದರೂ ಬರೆದರೆ ಕಾರ್ಡನ್ನು ನಾಶಮಾಡಲಾಗುವುದೆಂದು ಅದರ ಮೇಲೆಯೇ ಎಚ್ಚರಿಕೆಯಿತ್ತು. ಹತ್ತು ವಾಕ್ಯಗಳಿದ್ದರೆ ಅವುಗಳನ್ನು ಉಳಿಸುವ, ಹೊಡೆಯುವ ವಿಧಾನಗಳು ಹೆಚ್ಚೆಂದರೆ 1024. ಅಂದರೆ ಹತ್ತು ಬಿಟ್. ಪ್ರಮಾಣ ಇಷ್ಟು ಅಲ್ಪ. ಆದರೂ ಗಂಡನ ಜೀವದ ಸಂದೇಹದಲ್ಲಿದ್ದವಳಿಗೆ ಆ ಹತ್ತರಲ್ಲಿ ಒಂದೇ ಬಿಟ್ ಸಾಕಾಗಿತ್ತು. ಸುದ್ದಿಯ ಪ್ರಮಾಣ ಬೇರೆ, ಅದರ ಬೆಲೆ ಬೇರೆ. ಗಣಿತವು ಅಳೆಯುವುದು ಮೊದಲನೆಯದನ್ನು ಮಾತ್ರ.

ಇನ್ನು ನಮ್ಮ ಪತ್ರಗಳ ಕಟ್ಟುನಿಟ್ಟಾದ ಸಂಪ್ರದಾಯಗಳನ್ನು ನೋಡೋಣ. "ಉಭಯ ಕುಶಲೋಪರಿ ಸಾಂಪ್ರತ" ಎಂದು ಆರಂಭ. ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. ಇವು ಇದ್ದೇ ಇರುತ್ತವೆಂದು ಓದುವವರಿಗೆ ಗೊತ್ತು. ಆದುದರಿಂದ ಇವುಗಳಿಂದ ತಿಳಿಯುವ ಹೊಸ ಸುದ್ದಿ ಇಲ್ಲವೆನ್ನುವಷ್ಟು ಕಡಿಮೆ. ಹಾಗೆಂದು ಇವು ವ್ಯರ್ಥವೆ? ಸೊನ್ನದ ಆ ಗೃಹಿಣಿ ಪ್ರತಿ ಉತ್ತರದಲ್ಲಿಯೂ "ಅತ್ತೆಯವರು ನಿಮಗೆ ಆಶೀರ್ವಾದ ಹೇಳಿದ್ದಾರೆ" ಎಂದು ಬರೆಯಿಸುವವಳು. ಒಂದು ತಿಂಗಳ ಕಾಗದದಲ್ಲಿ ಆ ಸಾಲು ಇಲ್ಲ. ಉಳಿದುದೆಲ್ಲವೂ ಯಥಾಪ್ರಕಾರ. ಸಾಲು 32 ಕಾಗದಗಳಲ್ಲಿ ಒಮ್ಮೆ ಮಾತ್ರ ತಪ್ಪುವುದಾದರೆ, ಅದು ಇದ್ದಾಗ ದೊರೆಯುವ ಸುದ್ದಿ ಒಂದು ಬಿಟ್ಟಿನ ಸುಮಾರು ಇಪ್ಪತ್ತನೆಯ ಒಂದು ಪಾಲು; ಇಲ್ಲದಾಗ ದೊರೆಯುವುದು ಪೂರ್ತಿ ಐದು ಬಿಟ್. ಬರೆಯದ ಸಾಲು ಬರೆದ ಸಾಲಿಗಿಂತ ನೂರು ಪಾಲು ಹೆಚ್ಚು ನುಡಿಯಿತು. ತಾಯಿಗೆ ಏನೋ ಆಗಿದೆ, ಅದನ್ನು ತನ್ನಿಂದ ಮರೆಮಾಡಿದ್ದಾರೆ ಎಂದು ಗಡಿಯಲ್ಲಿರುವವನು ಒಡನೆಯೇ ಊಹಿಸುತ್ತಾನೆ.

ಈ ಮೌನದ ಭಾಷೆ ಏಕೆ ಬೇಕಾಯಿತೆಂಬುದೂ ವಿಚಾರಾರ್ಹ. 1961ರಲ್ಲಿ ನಮ್ಮ ದೇಶದಲ್ಲಿ ಐದು ವರ್ಷ ಮೀರಿದ ಸ್ತ್ರೀಯರ ಪೈಕಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 15 ಮಂದಿ. ಹೆಂಡತಿಯ ಮಾತನ್ನು ಶಾಲೆಯ ಮಾಸ್ತರರೋ ನೆರೆಯ ಹುಡುಗನೋ ಬರೆಯಬೇಕು. ಗಂಡನ ಕಾಗದವನ್ನು ಮನೆಮಂದಿಯೆಲ್ಲರ ಮುಂದೆ ಓದಬೇಕು. ಇದರ ಮೇಲೆ ಸೇನೆಯ ತಪಾಸಣೆ. 1914ರಿಂದ ಫ್ರಾನ್ಸಿನಲ್ಲಿ ಹೋರಾಡಿದ ಭಾರತೀಯ ಸಿಪಾಯಿಗಳ ಕಾಗದಗಳನ್ನು ಪರೀಕ್ಷಿಸಲು ಬ್ರಿಟಿಷರು ಪ್ರತ್ಯೇಕ ಕಚೇರಿಯನ್ನೇ ತೆರೆದಿದ್ದರು. ಕೆಲವರು ಭಾರತೀಯ ಯೋಧರನ್ನು ಕರಿಮೆಣಸೆಂದೂ ಬಿಳಿಯರನ್ನು ಕೆಂಪು ಮೆಣಸೆಂದೂ ಕರೆದು, ಯಾವ ಮೆಣಸು ಎಷ್ಟು ಖರ್ಚಾಯಿತೆಂದು ಬರೆದರು. ಅಧಿಕಾರಿಗಳಿಗೆ ಇದು ಬೇಗನೆ ಅರ್ಥವಾಯಿತು. ಗುಟ್ಟಿನ ಬಲವೆಲ್ಲ ಅದರ ಕೀಲಿಕೈಯಲ್ಲಿದೆ ಎಂಬುದನ್ನು ಶ್ಯಾನನ್ 1949ರಲ್ಲಿ ಗೂಢಲಿಪಿಯನ್ನು ಕುರಿತು ಬರೆದ ಪ್ರಬಂಧದಿಂದಲೂ ತಿಳಿಯಬಹುದು. ಮೆಣಸಿನ ಕೀಲಿಕೈ ಯಾರ ಊಹೆಗಾದರೂ ಸಿಕ್ಕುವಂಥದು. ಅತ್ತೆಯ ಆಶೀರ್ವಾದದ ಕೀಲಿಕೈ ಇಬ್ಬರ ನೆನಪಿನಲ್ಲಿ ಮಾತ್ರ ಇರುವಂಥದು.

ವಿಳಾಸವೂ ಒಂದು ಗುಟ್ಟೇ. "ಮಾರ್ಫತ್ 56 ಎ.ಪಿ.ಒ." ಎಂಬುದರಿಂದ ಯೋಧನು ಯಾವ ಶಿಖರದಲ್ಲಿದ್ದಾನೆಂದು ತಿಳಿಯದು. ಪೂರ್ವದ ಕಡೆಯವರಿಗೆ 99 ಎ.ಪಿ.ಒ. ಎಂಬ ಸಂಖ್ಯೆ. ಆದಕಾರಣ ಅಂಕೆಯು ಬದಲಾದಾಗ ಮನೆಯವರಿಗೆ ಒಂದೇ ಬಿಟ್ ದೊರೆಯುತ್ತಿತ್ತು: ಅವನನ್ನು ದೇಶದ ಮತ್ತೊಂದು ಅಂಚಿಗೆ ಕಳುಹಿಸಿದ್ದಾರೆ.

ಇನ್ನೊಂದು ಅಂಶವನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಸುಲಭವಾಗಿ ಗ್ರಹಿಸಬಹುದು. ನಾವು ಇಂದು ರಾತ್ರಿ ಕಾಣುವ ಲುಬ್ಧಕ ನಕ್ಷತ್ರದ ಬೆಳಕು ಸುಮಾರು 8.6 ವರ್ಷಗಳ ಹಿಂದೆ ಹೊರಟುದು. ನಕ್ಷತ್ರ ಆಗ ಹಾಗಿತ್ತೆಂದು ಅದು ಹೇಳುತ್ತದೆ, ಈಗ ಹೇಗಿದೆಯೆಂದಲ್ಲ. "ನಾನು ಕ್ಷೇಮ" ಎಂಬ ವಾಕ್ಯವೂ ಬರೆದ ದಿನಕ್ಕೆ ಮಾತ್ರ ಸತ್ಯ. ಸೈನಿಕರ ಮನೆಗಳಲ್ಲಿ ಮೊದಲು ತಾರೀಖನ್ನು ಓದಿಸುತ್ತಿದ್ದವರು ಈ ತತ್ತ್ವವನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ. ತಂತಿಯು ಮೊದಲು ಬಂದು, ಕ್ಷೇಮದ ಕಾಗದ ಆಮೇಲೆ ತಲುಪಿದ ಮನೆಗಳಲ್ಲಿ ಅದು ತಿಳಿದ ರೀತಿ ಬಹಳ ಕಠೋರವಾದುದು.

ಫ್ರಾನ್ಸಿನ ಆ ಕಚೇರಿಯು ಆಯ್ದು ಅನುವಾದಿಸಿದ ಸಿಪಾಯಿಗಳ ಪತ್ರಭಾಗಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಸುರಕ್ಷಿತವಾಗಿವೆ. ಮಾತುಗಳು ಉಳಿದಿವೆ, ಅವುಗಳ ಕೀಲಿಕೈ ಬಲ್ಲವರು ಉಳಿದಿಲ್ಲ. ನಮ್ಮ ಊರುಗಳ ಟ್ರಂಕುಗಳಲ್ಲಿ 1965ರ, 1971ರ ಕಾಗದಗಳು ಇನ್ನೂ ಇರಬಹುದು. ಅವನ್ನು ಬರೆದವರೋ ಬರೆಯಿಸಿದವರೋ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅಜ್ಜಿಯ ಬಳಿ ಕುಳಿತು, ಅವರು ಒಪ್ಪಿದರೆ, ಒಂದನ್ನು ಓದಿ ಹೇಳಿ. ಪ್ರತಿ ಸಾಲಿಗೂ "ಇಲ್ಲಿ ಏನನ್ನು ಬರೆಯಲಿಲ್ಲ?" ಎಂದು ಕೇಳಿ, ಉತ್ತರವನ್ನು ಗುರುತುಹಾಕಿಕೊಳ್ಳಿ. ಕಾಗದವು ಇನ್ನೂ ನೂರು ವರ್ಷ ಬಾಳೀತು. ಅದರ ಅರ್ಥದ ಆಯುಸ್ಸು ಅಷ್ಟು ದೀರ್ಘವಲ್ಲ.