ಕಾಂತಕಣಗಳಿಂದ ಪ್ರೋಟೀನಿನ ಶೋಧನ

ಲೋಹಗಳನ್ನಾಗಲಿ ವತ್ಸನಾಭದಂತಹ ವಿಷದ್ರವ್ಯಗಳನ್ನಾಗಲಿ ಶೋಧನ ಮಾಡದೆ ಔಷಧಕ್ಕೆ ಬಳಸಲಾಗದೆಂಬುದು ಆಯುರ್ವೇದದ ಕಟ್ಟುನಿಟ್ಟಾದ ನಿಯಮ. ಇಂದಿನ ಪ್ರೋಟೀನು ಔಷಧಗಳಿಗೂ ಈ ಮಾತು ಸಲ್ಲುತ್ತದೆ.

ಮಧುಮೇಹಿಗಳು ಚುಚ್ಚಿಕೊಳ್ಳುವ ಇನ್ಸುಲಿನ್ ಒಂದು ಪ್ರೋಟೀನು. ಹಿಂದೆ ಅದನ್ನು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಆ ಸಂಗತಿಯನ್ನು ಕೇಳಿಬಲ್ಲ ಕೆಲವು ಭಕ್ತರು ಈಗಲೂ ಇನ್ಸುಲಿನ್ ಬೇಡವೆನ್ನುವುದುಂಟು. ಮಾನವ ಇನ್ಸುಲಿನ್ನಿನ ವಿಷಯದಲ್ಲಿ ಈ ಸಂಕೋಚ ಅನಗತ್ಯ. ಅದನ್ನು ಸೂಕ್ಷ್ಮಜೀವಿಗಳಿಂದ ಪಡೆಯುತ್ತಾರೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಬಿಡುಗಡೆ ಮಾಡಿದ ಇನ್ಸುಲಿನ್ ಯೀಸ್ಟಿನಿಂದ ಪಡೆದುದು. ಆದರೆ ಯೀಸ್ಟ್ ಬೆಳೆದ ದ್ರವದಲ್ಲಿ ಬೇರೆ ಪ್ರೋಟೀನುಗಳೂ ಇರುತ್ತವೆ. ಅವು ಔಷಧದಲ್ಲಿ ಉಳಿದರೆ ದೇಹವು ಅವುಗಳ ವಿರುದ್ಧ ಕೆರಳಬಹುದು. ಆದುದರಿಂದ ಬೇಕಾದ ಒಂದನ್ನೇ ಬೇರ್ಪಡಿಸಬೇಕು.

ದೊಡ್ಡ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ರಾಳದ ಹರಳುಗಳನ್ನು ತುಂಬಿದ ಕೊಳವೆಗಳ ಮೂಲಕ ದ್ರವವನ್ನು ಹರಿಸಿ ಇದನ್ನು ಸಾಧಿಸುತ್ತಾರೆ. ಪ್ರಯೋಗಾಲಯಗಳಲ್ಲಿ ಬಳಕೆಗೆ ಬಂದಿರುವ ಇನ್ನೊಂದು ಉಪಾಯವೇ ಕಾಂತಕಣ. ಗಿರಣಿಗಳಲ್ಲಿ ಕಾಳಿನೊಡನೆ ಬಂದ ಮೊಳೆ, ತಂತಿಚೂರುಗಳನ್ನು ಹಿಡಿಯಲು ಅಯಸ್ಕಾಂತವಿಡುವುದನ್ನು ನಮ್ಮ ಬದನಗುಪ್ಪೆಯ ಕಡೆಯ ರೈತರು ಬಲ್ಲರು. ಅಲ್ಲಿ ಅದು ಸೆಳೆಯುವುದು ಬೇಡದ್ದನ್ನು, ಇಲ್ಲಿ ಬೇಕಾದ್ದನ್ನು.

ಆದರೆ ಪ್ರೋಟೀನು ಅಯಸ್ಕಾಂತಕ್ಕೆ ಅಂಟದು. ಅದಕ್ಕಾಗಿ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳನ್ನು ತಯಾರಿಸುತ್ತಾರೆ. ಅವುಗಳ ಗಾತ್ರ ಹತ್ತಿಪ್ಪತ್ತು ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಬರಿಯ ಕಣಗಳು ಒಂದಕ್ಕೊಂದು ಮೆತ್ತಿಕೊಂಡು ಗಂಟಾಗುತ್ತವೆ, ಸಿಕ್ಕಿದ್ದನ್ನೆಲ್ಲ ಹಿಡಿಯುತ್ತವೆ. ಆದುದರಿಂದ ಸಿಲಿಕಾದಂತಹ ಲೇಪ ಕೊಟ್ಟು, ಅದರ ಮೇಲೆ ಕೊಂಡಿಯೊಂದನ್ನು ಕೂರಿಸುತ್ತಾರೆ. ಇಡೀ ವಿದ್ಯೆಯ ಜೀವಾಳ ಈ ಮೇಲ್ಮೈಯಲ್ಲಿದೆ. ಉದಾಹರಣೆಗೆ, ನಿಕ್ಕಲ್ ಅಯಾನುಗಳು ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಬಿಗಿಯಾಗಿ ಹಿಡಿಯುತ್ತವೆ. ಬೇಕಾದ ಪ್ರೋಟೀನಿಗೆ ಆರು ಹಿಸ್ಟಿಡಿನ್‌ಗಳ ಬಾಲವಿರುವಂತೆ ಮೊದಲೇ ಬೆಳೆಸಿದ್ದರೆ, ನಿಕ್ಕಲ್ ಹೊತ್ತ ಕಣವು ಅದನ್ನು ಹುಡುಕಿ ಹಿಡಿಯುತ್ತದೆ. ಹೊರಗಿನಿಂದ ಅಯಸ್ಕಾಂತವನ್ನು ತಂದೊಡನೆ ಕಣಗಳು ಪಾತ್ರೆಯ ಗೋಡೆಗೆ ಸೇರುತ್ತವೆ. ಉಳಿದುದನ್ನು ಚೆಲ್ಲಿ, ತೊಳೆದು, ಇಮಿಡಜೋಲ್ ಬೆರೆಸಿದರೆ ಹಿಡಿತ ಸಡಿಲಿ ಪ್ರೋಟೀನು ಬಿಡುಗಡೆಯಾಗುತ್ತದೆ. ಅಯಸ್ಕಾಂತವನ್ನು ಸರಿಸಿದರೆ ಕಣಗಳು ಮತ್ತೆ ಚದುರುತ್ತವೆ. ಅಷ್ಟು ಕಿರಿದಾದ ಕಣದಲ್ಲಿ ಕಾಂತಗುಣ ಉಳಿಯುವುದಿಲ್ಲ.

ಕೋವಿಡ್ ಕಾಲದಲ್ಲಿ ಗಂಟಲ ದ್ರವದಿಂದ ವೈರಾಣುವಿನ ಆರ್‌ಎನ್‌ಎ ತೆಗೆಯಲು ಅನೇಕ ಪ್ರಯೋಗಾಲಯಗಳು ಬಳಸಿದ್ದು ಇಂತಹ ಕಾಂತಮಣಿಗಳನ್ನೇ.

‘ನಮ್ಮ ಲೋಹಭಸ್ಮವೂ ನ್ಯಾನೋ ತಾನೆ?’ ಎಂದು ಭಕ್ತರು ಕೇಳುತ್ತಾರೆ. ಎರಡೂ ಸೂಕ್ಷ್ಮವೆಂಬುದಷ್ಟೇ ಹೋಲಿಕೆ. ಭಸ್ಮವು ಒಳಗೆ ಸೇವಿಸುವ ಔಷಧ. ಈ ಕಾಂತಕಣವೋ ಪಾತ್ರೆಯಲ್ಲೇ ಉಳಿಯಬೇಕಾದ ಉಪಕರಣ. ‘ನ್ಯಾನೋ ಕಬ್ಬಿಣ’ವೆಂಬ ಹೆಸರಿನಲ್ಲಿ ಯಾರೋ ಮಾರುವ ಪುಡಿಯನ್ನು ದಯಮಾಡಿ ಕೊಳ್ಳದಿರಿ. ಪಾಂಡುರೋಗದಲ್ಲಿ ಲೋಹಭಸ್ಮ ಕೊಡುವಾಗಲೂ ನಾವು ಮೊದಲು ರಕ್ತಪರೀಕ್ಷೆ ಮಾಡಿಸುತ್ತೇವೆ. ತಲಸ್ಸೀಮಿಯಾದಂತಹ ಕಾಯಿಲೆಗಳಲ್ಲಿ ರಕ್ತ ಕಡಿಮೆಯಿದ್ದರೂ ದೇಹದಲ್ಲಿ ಕಬ್ಬಿಣ ಮೊದಲೇ ಹೆಚ್ಚಾಗಿರಬಹುದು.