ನೆರಳನ್ನು ನೆಟ್ಟವರು

ಬೀದಿಯಲ್ಲಿ ನೆರಳಿರಬೇಕೆಂದು ಬಯಸುವವರು ಅನೇಕರಾದರೂ, ವೇತನವನ್ನಾಗಲಿ ಕೀರ್ತಿಯನ್ನಾಗಲಿ ಅಪೇಕ್ಷಿಸದೆ ಗುಂಡಿ ತೋಡಿ, ಸಸಿಯನ್ನಿಟ್ಟು, ಅದು ಸ್ವಶಕ್ತಿಯಿಂದ ನಿಲ್ಲುವವರೆಗೆ ನೀರೆರೆಯುವವರು ವಿರಳ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕ, ಚಿಕ್ಕಯ್ಯ ದಂಪತಿಗಳು ಈ ವಿರಳರ ಪಂಕ್ತಿಗೆ ಸೇರಿದವರು. ಕೂಲಿಯಿಂದ ಜೀವನ ಸಾಗಿಸುತ್ತ, ಸಂತಾನವಿಲ್ಲದ ದುಃಖವನ್ನು ಲೋಕಹಿತವಾಗಿ ಪರಿವರ್ತಿಸಿದ ಅವರು, ಹುಲಿಕಲ್ಲಿನಿಂದ ಕುದೂರಿನವರೆಗಿನ ಸುಮಾರು 4 ಕಿಲೋಮೀಟರ್ ಮಾರ್ಗದ ಇಕ್ಕೆಲಗಳಲ್ಲಿ, ಮೊದಲ ವರ್ಷ 10, ಮರುವರ್ಷ 15, ಅನಂತರ 20 ಎಂಬಂತೆ ಆಲದ ಸಸಿಗಳನ್ನು ನೆಟ್ಟು, ಕೊಡಗಳಲ್ಲಿ ನೀರು ಹೊತ್ತು, ದನಕರುಗಳು ಮೇಯದಂತೆ ಮುಳ್ಳುಬೇಲಿ ಕಟ್ಟಿ, ಸುಮಾರು 385 ಮರಗಳನ್ನು ಬೆಳೆಸಿದರು. ‘ಸಾಲುಮರದ’ ಎಂಬ ಬಿರುದನ್ನು ಜನರಿಂದಲೂ, ಪದ್ಮಶ್ರೀ ಪ್ರಶಸ್ತಿಯನ್ನು 2019ರಲ್ಲಿ ರಾಷ್ಟ್ರದಿಂದಲೂ ಪಡೆದ ತಿಮ್ಮಕ್ಕನವರು 2025ರ ನವೆಂಬರ್ 14ರಂದು ದಿವಂಗತರಾದರು.

ಈ ಸಾಧನೆಯ ಮರ್ಮವು ನೆಡುವುದರಲ್ಲಿ ಅಲ್ಲ, ಪೋಷಣೆಯಲ್ಲಿದೆ. ಮುಂಗಾರಿನ ಆರಂಭದಲ್ಲಿ ನೆಟ್ಟ ಸಸಿಯ ಬೇರು ಮಳೆಗಾಲದೊಳಗೆ ಆಳಕ್ಕಿಳಿಯುವುದಾದರೂ, ಮೊದಲ ಎರಡು ಮೂರು ಬೇಸಗೆಗಳಲ್ಲಿ ನೀರೂ ಬೇಲಿಯೂ ದೊರೆಯದಿದ್ದರೆ ಆ ಶ್ರಮವೆಲ್ಲ ವ್ಯರ್ಥವಾಗುವುದು.

ರಾಯಬಾಗ ತಾಲ್ಲೂಕಿನ ಮುಗಳಖೋಡದಂತಹ, ಮಳೆ ಮಿತವಾಗಿಯೂ ಬಿಸಿಲು ಪ್ರಖರವಾಗಿಯೂ ಇರುವ ಬಯಲುಸೀಮೆಯ ಊರುಗಳಿಗೆ ಈ ಪಾಠವು ವಿಶೇಷವಾಗಿ ಅನ್ವಯಿಸುತ್ತದೆ. ಬೇವು, ಹೊಂಗೆ, ಹುಣಸೆಗಳು ಅನಾವೃಷ್ಟಿಯನ್ನು ಸಹಿಸಬಲ್ಲ ವೃಕ್ಷಗಳು. ವಿಶಾಲವಾದ ಸ್ಥಳವಿದ್ದಲ್ಲಿ ಆಲವೂ ಉಚಿತವೇ. ಪ್ರತಿ ಓಣಿಯ ಯುವಕರೂ ಗೃಹಿಣಿಯರೂ ಮನೆಗೊಂದು ಸಸಿಯ ಹೊಣೆಯನ್ನು ಹೊತ್ತು, ಮೂರು ಬೇಸಗೆಗಳ ಕಾಲ ಅದನ್ನು ಕೈಬಿಡದೆ ಕಾಪಾಡಲಿ. ಊರಿಗೆ ಸಲ್ಲಿಸಬಹುದಾದ ಸೇವೆಗಳಲ್ಲಿ ಇದಕ್ಕಿಂತ ಸುಲಭವೂ ಶಾಶ್ವತವೂ ಆದುದು ಬೇರಿಲ್ಲ.