ಸತುವಿನ ಲೇಪನ: ಖರೀದಿ ಆದೇಶದಲ್ಲಿ ಬಿಟ್ಟುಹೋಗುವ ಒಂದು ಸಾಲು

ಮಂಗಳೂರು, ಕಾರವಾರಗಳಂತಹ ಕರಾವಳಿ ಊರುಗಳಲ್ಲಿ ಉಕ್ಕಿನ ಶೆಡ್ಡು, ಕಂಬ, ಏಣಿಗಳನ್ನು ಮಾಡಿಸುವ ಉದ್ಯಮಿಗಳು ಖರೀದಿ ಆದೇಶದಲ್ಲಿ ‘ಜಿ.ಐ.’ ಎಂದಷ್ಟೇ ನಮೂದಿಸಿ ಸುಮ್ಮನಾಗುವುದುಂಟು. ನಷ್ಟದ ಮೂಲ ಅಲ್ಲಿಯೇ ಇದೆ. ವಿದ್ಯುಲ್ಲೇಪನದಿಂದ ಕೂರಿಸಿದ ಸತುವೂ ಹೊಳೆಯುತ್ತದೆ. ಆದರೆ ಅದರ ದಪ್ಪ ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್ ಮಾತ್ರ. ಸುಮಾರು 450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸತುವಿನ ದ್ರವದಲ್ಲಿ ಅದ್ದಿ ತೆಗೆದಾಗ, 6 ಮಿಲಿಮೀಟರಿಗಿಂತ ದಪ್ಪನಾದ ಉಕ್ಕಿನ ಮೇಲೆ ಸರಾಸರಿ 85 ಮೈಕ್ರಾನ್ ಲೇಪನವಿರಬೇಕೆಂದು ಐ.ಎಸ್.ಒ. 1461 ಮಾನದಂಡ ವಿಧಿಸುತ್ತದೆ.

ಗೀರು ಬಿದ್ದೆಡೆ ಸತು ಉಕ್ಕಿಗೆ ಬದಲಾಗಿ ತಾನೇ ಸವೆಯುತ್ತದೆ. ಸಾಮಾನ್ಯ ಬಣ್ಣಕ್ಕೆ ಈ ಗುಣವಿಲ್ಲ. ಅದರ ಅಡಿಯಲ್ಲೇ ತುಕ್ಕು ಹರಡುತ್ತದೆ.

ಐ.ಎಸ್.ಒ. 9223ರ ಪ್ರಕಾರ ಮಧ್ಯಮ ವಾತಾವರಣದಲ್ಲಿ ಸತು ವರ್ಷಕ್ಕೆ 0.7ರಿಂದ 2.1 ಮೈಕ್ರಾನ್ ಸವೆದರೆ, ಉಪ್ಪುಗಾಳಿಯ ತೀವ್ರ ವಾತಾವರಣದಲ್ಲಿ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ. ಒಳನಾಡಿನಲ್ಲಿ 40 ವರ್ಷ ಬಾಳಬಲ್ಲ 85 ಮೈಕ್ರಾನ್ ಲೇಪನ ಕಡಲಂಚಿನಲ್ಲಿ 10 ವರ್ಷಕ್ಕೇ ಮುಗಿಯಬಹುದು. ಅಂತಹ ಕಡೆ ಸತುವಿನ ಮೇಲೆ ತಕ್ಕ ಬಣ್ಣವನ್ನೂ ಬಳಿಸುವುದು ದುಂದಲ್ಲ.

ವಿನ್ಯಾಸದ ಹೊಣೆಯೂ ಸಣ್ಣದಲ್ಲ. ಎರಡೂ ತುದಿ ಮುಚ್ಚಿದ ಪೈಪಿಗೆ ರಂಧ್ರ ಕೊರೆಯದೆ ಕಳುಹಿಸಿದರೆ, ಒಳಗಿನ ತೇವ ಆವಿಯಾಗಿ ಪೈಪು ತೊಟ್ಟಿಯಲ್ಲೇ ಸಿಡಿಯಬಹುದು. ಅಲ್ಲಿ ನಿಂತ ಕಾರ್ಮಿಕನ ಪ್ರಾಣದ ಮುಂದೆ ರಂಧ್ರದ ಕೂಲಿ ಎಷ್ಟರದು? ಲೇಪನದ ನಂತರ ವೆಲ್ಡಿಂಗ್ ಮಾಡಿದಲ್ಲಿ ಸತು ಸುಟ್ಟುಹೋಗುವುದರಿಂದ, ಆ ಜಾಗವನ್ನು ಉಜ್ಜಿ ಸತುಭರಿತ ಬಣ್ಣ ಹಚ್ಚಿಸಬೇಕು.

ಆದೇಶದಲ್ಲಿ ವಿಧಾನ, ಮಾನದಂಡ, ದಪ್ಪ ಮೂರನ್ನೂ ಬರೆಯಿರಿ. ಮಾಲು ಇಳಿದ ದಿನವೇ ದಪ್ಪಮಾಪಕದಿಂದ ಹಲವೆಡೆ ಅಳೆಸಿ, ಆನಂತರ ಬಿಲ್ಲಿಗೆ ಸಹಿ ಹಾಕಿರಿ.